ಬೇಸ್ ಗಿಟಾರ್ ಮಾರುವ ಮುನ್ನ ಅದರ ವೈರಿಂಗ್ ಬದಲಿಸಿ ನೋಡಿ

ಮಾನ್ಯರೆ,

ಗಣೇಶೋತ್ಸವ ಬಂತೆಂದರೆ ಬೆಳಗಾವಿಯ ಪೆಂಡಾಲುಗಳಲ್ಲಿ ರಸಮಂಜರಿಗೆ ಬೇಡಿಕೆ ಹೆಚ್ಚು. ಜೊತೆಗೆ ಬೇಸ್ ಗಿಟಾರ್ ನುಡಿಸುವವರ ಹಳೆಯ ದೂರೂ ಬರುತ್ತದೆ: ಕೀಬೋರ್ಡ್ ಮತ್ತು ಪ್ಯಾಡಿನ ನಡುವೆ ಬೇಸ್ ಕೇಳುವುದೇ ಇಲ್ಲ, ಸದ್ದಿಗೆ ತೂಕವಿಲ್ಲ. ಇದೊಂದೇ ಕಾರಣಕ್ಕೆ ಚೆನ್ನಾಗಿರುವ ಗಿಟಾರ್ ಮಾರಿ ಸಾಲ ಮಾಡಿ ಇನ್ನೊಂದು ಕೊಳ್ಳುವುದು, ರಿಪೇರಿಗೆಂದು ಪುಣೆಗೋ ಬೆಂಗಳೂರಿಗೋ ಕಳಿಸುವುದು ಬೇಡ. ಎರಡು ಪಿಕಪ್ (ಸರಿಗೆಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತಕ್ಕೆ ಸುತ್ತಿದ ತಂತಿಸುರುಳಿ), ಎರಡು ವಾಲ್ಯೂಮ್ ಗುಂಡಿ, ಒಂದು ಟೋನ್ ಗುಂಡಿ ಇರುವ ಜಾಝ್ ಮಾದರಿಯ ಗಿಟಾರಾದರೆ ಆರು ಕಾಲಿನ ಒಂದು ಡಿಪಿಡಿಟಿ ಸ್ವಿಚ್ (ಎರಡು ಸಂಪರ್ಕಗಳನ್ನು ಒಟ್ಟಿಗೇ ಬದಲಿಸುವಂಥದ್ದು) ಮತ್ತು ಒಂದು ಗೇಣು ತಂತಿ ಸಾಕು. ಟಿವಿ ರಿಪೇರಿ ಬಲ್ಲ ಯಾರೇ ಆಗಲಿ ಊರಲ್ಲೇ ಮಾಡಿಕೊಡಬಹುದು.

ಫೆಂಡರ್ ಕಂಪನಿ 1960ರಲ್ಲಿ ಜಾಝ್ ಬೇಸ್ ತಂದಾಗಿನಿಂದ ಈ ಮಾದರಿಯಲ್ಲಿ ಎರಡೂ ಪಿಕಪ್‌ಗಳು ಪ್ಯಾರಲಲ್ ಆಗಿ, ಅಂದರೆ ಪಕ್ಕಪಕ್ಕ ಜೋಡಿಸಿದಂತೆ ಇರುತ್ತವೆ. ಒಂದೊಂದು ಪಿಕಪ್ 7–8 ಕಿಲೋಓಮ್ ಇದ್ದರೆ ಪ್ಯಾರಲಲ್‌ನಲ್ಲಿ ಮೀಟರ್ ತೋರಿಸುವುದು 4 ಕಿಲೋಓಮ್‌ನ ಒಳಗೆ. ಅವನ್ನೇ ಸೀರೀಸ್ ಮಾಡಿದರೆ, ಅಂದರೆ ಒಂದರ ಹಿಂದೊಂದು ಜೋಡಿಸಿದರೆ, 15ರ ಆಸುಪಾಸು. ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಗೆ ಸುರುಳಿ ಒಡ್ಡುವ ತಡೆ) ಸುಮಾರು ನಾಲ್ಕು ಪಟ್ಟಾಗುವುದರಿಂದ ಮೇಲಿನ ಚುರುಕು ತಗ್ಗಿ ನಡುವಿನ ಸ್ವರಗಳು ದಪ್ಪವಾಗುತ್ತವೆ, ಔಟ್‌ಪುಟ್ ಕೂಡ ಏರುತ್ತದೆ. 1957ರಿಂದ ಪ್ರಿಸಿಷನ್ ಬೇಸ್‌ಗೆ ಬಂದ ಎರಡು ತುಂಡಿನ ಪಿಕಪ್‌ನ ಸುರುಳಿಗಳು ಸೀರೀಸ್‌ನಲ್ಲೇ ಇವೆ. ಅದರ ತುಂಬು ಸದ್ದಿಗೆ ಇದೂ ಒಂದು ಕಾರಣ.

ಜೋಡಣೆ ಹೀಗೆ. ನೆಕ್ (ಗಿಟಾರಿನ ಕುತ್ತಿಗೆ) ಕಡೆಯ ಪಿಕಪ್‌ನ ಹಾಟ್ ತಂತಿ, ಅಂದರೆ ಸಂಕೇತ ಒಯ್ಯುವ ತಂತಿ, ತನ್ನ ವಾಲ್ಯೂಮ್ ಪಾಟ್‌ನ (ಗುಂಡಿಯ ಕೆಳಗಿನ ತಿರುಗುವ ರೆಸಿಸ್ಟರ್) ನಡುಗಾಲಿನಲ್ಲೇ ಇರಲಿ. ಬ್ರಿಜ್ (ಸರಿಗೆಗಳ ಕೆಳತುದಿ ಕೂರುವ ಭಾಗ) ಕಡೆಯದರ ಗ್ರೌಂಡ್ ತಂತಿಯನ್ನೂ ಮುಟ್ಟಬೇಡಿ. ನೆಕ್ ಪಿಕಪ್‌ನ ಗ್ರೌಂಡ್ ತಂತಿಯನ್ನು ಬಿಚ್ಚಿ ಸ್ವಿಚ್‌ನ ಎಡಸಾಲಿನ ನಡುಗಾಲಿಗೆ, ಬ್ರಿಜ್ ಪಿಕಪ್‌ನ ಹಾಟ್ ತಂತಿಯನ್ನು ಬಲಸಾಲಿನ ನಡುಗಾಲಿಗೆ ಬೆಸೆಯಿರಿ. ಮೇಲ್ತುದಿಯ ಎರಡು ಕಾಲುಗಳನ್ನು ಒಂದಕ್ಕೊಂದು ತಂತಿಯಿಂದ ಸೇರಿಸಿ. ಕೆಳತುದಿಯಲ್ಲಿ ಎಡಗಾಲು ಗ್ರೌಂಡ್‌ಗೆ, ಬಲಗಾಲು ಬ್ರಿಜ್ ವಾಲ್ಯೂಮ್‌ನ ನಡುಗಾಲಿಗೆ. ಸ್ವಿಚ್‌ನ ಒಂದು ಕಡೆ ಮೊದಲಿನಂತೆ ಪ್ಯಾರಲಲ್, ಇನ್ನೊಂದು ಕಡೆ ಸೀರೀಸ್. ಸೀರೀಸ್‌ನಲ್ಲಿದ್ದಾಗ ನೆಕ್ ವಾಲ್ಯೂಮ್ ಒಂದೇ ಎರಡೂ ಪಿಕಪ್‌ಗಳನ್ನು ಆಳುತ್ತದೆ.

ಸೀರೀಸ್‌ಗೆ ಹಾಕಿದಾಗ ನೆಕ್ ಪಿಕಪ್ ಮಾತ್ರ ಕೇಳಿಸಿದರೆ ಅದರ ಗ್ರೌಂಡ್ ತಂತಿ ಇನ್ನೂ ಎಲ್ಲೋ ಗ್ರೌಂಡ್‌ಗೆ ತಾಗುತ್ತಿದೆ ಎಂದರ್ಥ. ಪಾಟ್‌ನ ಬೆನ್ನು, ಒಳಗೆ ಅಂಟಿಸಿದ ತಾಮ್ರದ ಟೇಪು, ಎರಡನ್ನೂ ನೋಡಿ. ಸದ್ದು ಡಬ್ಬಿಯೊಳಗಿಂದ ಬಂದಂತೆ ಬಡಕಲಾಗಿ ತಳವೇ ಮಾಯವಾದರೆ ಪಿಕಪ್‌ಗಳು ಎದುರು ಫೇಸಿನಲ್ಲಿವೆ, ಅಂದರೆ ಒಂದರ ಸಂಕೇತ ಇನ್ನೊಂದರದನ್ನು ಅಳಿಸುತ್ತಿದೆ. ಇದನ್ನು ಬೆಸೆಯುವ ಮುನ್ನವೇ ಪರೀಕ್ಷಿಸಬಹುದು: ಬಿಡಿ ಪಿಕಪ್‌ನ ಹಾಟ್‌ಗೆ ಮೀಟರಿನ ಕೆಂಪು ಕಡ್ಡಿ, ಗ್ರೌಂಡ್‌ಗೆ ಕಪ್ಪು ಹಿಡಿದು, ಡಿಸಿ ವೋಲ್ಟ್‌ನ ಕನಿಷ್ಠ ಅಳತೆಯಲ್ಲಿಟ್ಟು, ಸ್ಕ್ರೂಡ್ರೈವರನ್ನು ಪಿಕಪ್‌ನ ಅಯಸ್ಕಾಂತಕ್ಕೆ ತಾಗಿಸಿ ಫಕ್ಕನೆ ಕೀಳಿ. ಎರಡೂ ಪಿಕಪ್‌ಗಳಲ್ಲಿ ಮುಳ್ಳು ಒಂದೇ ಕಡೆ ಹಾರಬೇಕು. ಇಲ್ಲವಾದರೆ ಒಂದರ ಎರಡು ತಂತಿಗಳನ್ನು ಅದಲುಬದಲು ಮಾಡಿ. ಮುಳ್ಳಿನ ಹಳೆಯ ಮೀಟರು ಈ ಕೆಲಸಕ್ಕೆ ಡಿಜಿಟಲ್‌ಗಿಂತ ಒಳ್ಳೆಯದು.

ಸೀರೀಸ್‌ನಿಂದ ಇನ್ನೊಂದು ಲಾಭ. ಒಂದೇ ಸೆಟ್ಟಿನ ಜಾಝ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಒಂದರ ಸುತ್ತು ಮತ್ತು ಅಯಸ್ಕಾಂತ ಎರಡೂ ಉಲ್ಟಾ ಇರುತ್ತವೆ, ಹಾಗಾಗಿ ಗುಂಯ್ ಎನ್ನುವ ಹಮ್ ರದ್ದಾಗುತ್ತದೆ. ಆದರೆ ಪ್ಯಾರಲಲ್‌ನಲ್ಲಿ ಒಂದು ವಾಲ್ಯೂಮ್ ತುಸು ಇಳಿಸಿದರೂ ಅದು ಮರಳಿ ಬರುತ್ತದೆ. ಸೀರೀಸ್‌ನಲ್ಲಿ ಹಾಗಾಗದು. ಲೈಟಿನ ಡಿಮ್ಮರುಗಳಿರುವ ಪೆಂಡಾಲಿನಲ್ಲಿ ಇದು ದೊಡ್ಡ ನೆಮ್ಮದಿ. ಬೇರೆ ಬೇರೆ ಸೆಟ್ಟಿನ ಪಿಕಪ್ ಹಾಕಿ, ಎರಡರ ಸುತ್ತೂ ಅಯಸ್ಕಾಂತವೂ ಒಂದೇ ದಿಕ್ಕಿಗಿದ್ದರೆ ಸದ್ದು ಕೆಡಿಸದೆ ಯಾವ ಬೆಸುಗೆಯೂ ಆ ಹಮ್ ಕಳೆಯಲಾರದು.

ಪಾಟ್ ಕೆಟ್ಟಿದ್ದರೆ 'ಎ 250 ಕೆ' (250 ಕಿಲೋಓಮ್, ತಿರುಗಿಸಿದಂತೆ ಕಿವಿಗೆ ಸಮನಾಗಿ ಏರಿಳಿಯುವುದು) ಕೇಳಿ. 'ಬಿ' (ತಿರುಗಿಸಿದಷ್ಟೇ ಸಮನಾಗಿ ಓಮ್ ಬದಲಾಗುವುದು) ಹಾಕಿದರೆ ಟೋನ್ ಗುಂಡಿ ಬಹುಮಟ್ಟಿಗೆ ಸುಮ್ಮನಿದ್ದು ಕೊನೆಯಲ್ಲಿ ಒಮ್ಮೆಲೇ ಕೆಲಸ ಮಾಡುತ್ತದೆ. 250 ಸಿಗದಿದ್ದರೆ 500 ಕೆ ಪಾಟ್‌ನ ಎರಡು ಹೊರಗಾಲುಗಳ ನಡುವೆ 470 ಕೆ ರೆಸಿಸ್ಟರ್ ಬೆಸೆಯಿರಿ, ಸುಮಾರು 242 ಕೆ ಆಗುತ್ತದೆ. ಟೋನ್ ಕಂಡೆನ್ಸರ್ 0.047 ಮೈಕ್ರೋಫ್ಯಾರಡ್, ಮೈಮೇಲೆ 473 ಎಂದಿರುತ್ತದೆ. ದುಬಾರಿ ಕಂಡೆನ್ಸರಿಗೆ ದುಡ್ಡು ಸುರಿಯಬೇಡಿ, ಅಳತೆ ಒಂದೇ ಆದರೆ ಸದ್ದೂ ಒಂದೇ. ಪಾಟ್‌ನ ಬೆನ್ನಿಗೆ ಬೆಸೆಯುವಾಗ ಮೊದಲು ಅರದಿಂದ ಉಜ್ಜಿ. 25 ವಾಟ್‌ನ ಐರನ್ ಅಲ್ಲಿ ಸಾಲದು, ಹೆಚ್ಚು ಹೊತ್ತು ಹಿಡಿದರೆ ಒಳಗಿನ ಪಟ್ಟಿ ಸುಡುತ್ತದೆ. 40–60 ವಾಟ್‌ನದರಲ್ಲಿ ಬೇಗ ಮುಗಿಸಿ. ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ಗಳಿಗೆ ಈ ಜೋಡಣೆ ಹೊಂದುವುದಿಲ್ಲ.

ಕೊನೆಗೆ ಗಣೇಶೋತ್ಸವ ಮಂಡಳಗಳವರಲ್ಲಿ ಒಂದು ಕಳಕಳಿಯ ವಿನಂತಿ. ಬ್ರಿಜ್‌ನ ಕೆಳಗಿನ ತಂತಿಯಿಂದಾಗಿ ಗಿಟಾರಿನ ಸರಿಗೆಗಳು ಆಂಪ್‌ನ ಗ್ರೌಂಡ್‌ಗೆ ಸೇರಿರುತ್ತವೆ. ಪೆಂಡಾಲಿನ ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿದ್ದರೆ, ಸರಿಗೆ ಹಿಡಿದೇ ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯಬಹುದು, ಜೀವವೂ ಹೋಗಬಹುದು. ಶಾಕ್ ಬರುತ್ತದೆಂದು ಕೆಲವರು ಆ ತಂತಿಯನ್ನೇ ಕತ್ತರಿಸುತ್ತಾರೆ. ಅದರಿಂದ ಹಮ್ ಹೆಚ್ಚುತ್ತದೆ, ಮೂಲದ ಅಪಾಯ ಉಳಿದೇ ಇರುತ್ತದೆ. ಆಂಪ್‌ನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವುದಂತೂ ಸಲ್ಲದು. ಕಾರ್ಯಕ್ರಮಕ್ಕೆ ಮುನ್ನ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಲಿ: ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ವೇದಿಕೆಯ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಗುಂಡಿ ಒತ್ತಿ ಟ್ರಿಪ್ ಆಗುವುದನ್ನು ಕಣ್ಣಾರೆ ಕಂಡ ಮೇಲೆಯೇ ವಾದ್ಯಗಳನ್ನು ಜೋಡಿಸಲು ಬಿಡಿ.

– ವಾದ್ಯ ರಿಪೇರಿ ಕೆಲಸಗಾರರು, ಬೆಳಗಾವಿ