ಅಲ್ಪಮತ ಎಂದು ಹೇಳಬೇಕಾದುದು ಸದನ

ಮಾನ್ಯ ಸಂಪಾದಕರೇ,

ಪ್ರತಿ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಇಪ್ಪತ್ತಾರು ಮಕ್ಕಳು ಪಾಠಕ್ಕೆ ಕೂಡುತ್ತಾರೆ. ಎಲ್ಲರೂ ಒಂಬತ್ತು, ಹತ್ತನೇ ತರಗತಿಯವರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಈ ಪಾಠ ಬಿಟ್ಟಿರಲು ಆಗುವುದಿಲ್ಲ. ಹೋದ ವಾರ ಸಂವಿಧಾನದ 164ನೇ ವಿಧಿ ಬಂತು. ಮಂತ್ರಿಗಳು ರಾಜ್ಯಪಾಲರ ಇಷ್ಟವಿರುವವರೆಗೆ ಅಧಿಕಾರದಲ್ಲಿರುತ್ತಾರೆ ಎನ್ನುತ್ತದೆ ಅದರ ಮೊದಲ ಖಂಡ. ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಎನ್ನುತ್ತದೆ ಎರಡನೆಯದು. ಮುಂದೆ ಕೂತಿದ್ದ ಹುಡುಗಿ ಕೇಳಿದಳು: "ಟೀಚರ್, ಇಬ್ಬರು ಯಜಮಾನರಾದ್ರಲ್ರೀ. ಯಾರ ಮಾತು ನಡೀತದ?"

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರೂ ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಿಂದ. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಿದಾಗ ನಾನು ಬೇಸಿಗೆ ರಜೆಗೆಂದು ತವರಿನಲ್ಲಿದ್ದೆ. ಮಾಳಿಗೆಯ ಮೇಲೆ ಶಾವಿಗೆ ಹರವಿ ಕೆಳಗಿಳಿದರೆ ಅಪ್ಪ ರೇಡಿಯೊ ಮುಂದೆ ಕೂತಿದ್ದರು. ಸುದ್ದಿ ಹೇಳಿ, "ಸಭಾದಾಗ ಕೈ ಎತ್ತಿಸಿ ಎಣಿಸ್ಯಾರೇನವಾ?" ಎಂದು ಕೇಳಿದರು. ಎಣಿಸಿರಲಿಲ್ಲ. ಅಪ್ಪ ಆಗ ಮಂಡಲ ಪಂಚಾಯಿತಿ ಸದಸ್ಯರು. ಪಂಚಾಯಿತಿಯ ಮುಖ್ಯಸ್ಥನಾದ ಒಬ್ಬ ಪ್ರಧಾನನನ್ನು ಇಳಿಸಬೇಕೆಂದರೂ ಸಭೆ ಕರೆದು ಮತಕ್ಕೆ ಹಾಕಬೇಕು ಎಂಬುದು ಅವರಿಗೆ ಗೊತ್ತಿತ್ತು.

ನಡೆದದ್ದು ಇಷ್ಟು. ಆಡಳಿತ ಪಕ್ಷ ಬಿಟ್ಟ ಒಬ್ಬ ಶಾಸಕರು ಬೆಂಬಲ ವಾಪಸಾತಿಯ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಕೊಟ್ಟರು. ಸರ್ಕಾರ ಬಹುಮತ ಕಳೆದುಕೊಂಡಿದೆ ಎಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಆ 19 ಮಂದಿಯಲ್ಲಿ ಏಳು ಜನ, ತಪ್ಪು ಹೇಳಿ ನಮ್ಮ ಸಹಿ ಪಡೆದರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. 27ಕ್ಕೆ ಅಧಿವೇಶನ ಕರೆಯುತ್ತೇವೆ, ಬೇಕಾದರೆ ಇನ್ನೂ ಮೊದಲೇ ಬಲ ತೋರಿಸುತ್ತೇವೆ ಎಂದರು ಮುಖ್ಯಮಂತ್ರಿ. ಯಾರೂ ಕಾಯಲಿಲ್ಲ.

ಇದನ್ನು ಮಕ್ಕಳಿಂದ ಆಡಿಸಿದೆ. ಪ್ರಶ್ನೆ ಕೇಳಿದ ಹುಡುಗಿಯೇ ರಾಜ್ಯಪಾಲೆ. ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ 19 ಚೀಟಿಗಳನ್ನು ಅವಳ ಕೈಗೆ ಕೊಟ್ಟೆವು. ಅವಳು ಬೆರಳು ಎಂಜಲು ಮಾಡಿಕೊಂಡು ಒಂದೊಂದಾಗಿ ಎಣಿಸಿ, "ಸರ್ಕಾರ ಬಿತ್ರೀ" ಎಂದಳು. ಮೊದಲೇ ಹೇಳಿಟ್ಟಿದ್ದ ಏಳು ಮಕ್ಕಳು ಎದ್ದು, "ಓದಾಕ ಕೊಡದ ಸಹಿ ಮಾಡಿಸ್ಯಾರ" ಎಂದರು. ಅವಳು ಚೀಟಿಗಳನ್ನು ಮತ್ತೆ ತಿರುವಿ ಹಾಕಿದಳು. ಯಾವುದು ಖರೆ, ಯಾವುದು ಸುಳ್ಳು ಎಂದು ಚೀಟಿ ನೋಡಿದರೆ ಗೊತ್ತಾಗುವಂತಿರಲಿಲ್ಲ. ಕೊನೆಗೆ ಚೀಟಿಗಳನ್ನು ಕೆಳಗಿಟ್ಟು, "ಎಲ್ಲಾರನ್ನೂ ಒಂದ ಕಡೆ ಕುಂಡ್ರಿಸಿ ಕೇಳೂಣಲ್ರೀ" ಎಂದಳು.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಹೇಳಿದ್ದೂ ಅದನ್ನೇ. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜ್ಯಪಾಲರ ಸ್ವಂತ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ, ಸದನದಲ್ಲಿ ಪರೀಕ್ಷೆಯಾಗಬೇಕು. ಹಿಂಸಾಚಾರ ಹಬ್ಬಿ ಮುಕ್ತವಾಗಿ ಮತ ಹಾಕುವುದೇ ಸಾಧ್ಯವಿಲ್ಲ ಎನ್ನುವಂಥ ಅಪರೂಪದ ಸ್ಥಿತಿ ಮಾತ್ರ ಬೇರೆ. ಹೈಕೋರ್ಟಿನಲ್ಲಿ ಸೋತಿದ್ದ ಬೊಮ್ಮಾಯಿಯವರು ಇಲ್ಲಿ ಗೆದ್ದರು. ಆದರೆ ಅಷ್ಟರಲ್ಲಿ ಸುಮಾರು ಐದು ವರ್ಷ, ಒಂದು ವಿಧಾನಸಭೆಯ ಪೂರ್ತಿ ಆಯುಷ್ಯದಷ್ಟು ಕಾಲ, ಕಳೆದಿತ್ತು. 1989ರ ಕೊನೆಗೇ ಚುನಾವಣೆ ನಡೆದು ಬೇರೆ ಸರ್ಕಾರ ಬಂದಾಗಿತ್ತು. ಹೋದ ಅಧಿಕಾರ ಅವರಿಗೆ ವಾಪಸ್ ಸಿಗಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆ ತೀರ್ಪಿನ ಫಲ ಉಂಡವರು ನಂತರದವರು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಕೋರ್ಟು ಅದನ್ನು ಮರುದಿನ ಸಂಜೆ 4 ಗಂಟೆಗೆ ಇಳಿಸಿತು. ಮರುವರ್ಷ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿಯವರಿಗೆ ರಾಜ್ಯಪಾಲರು ಕೊಟ್ಟ ಗಡುವುಗಳು ಮೀರಿದರೂ ಸರ್ಕಾರ ಬೀಳಲಿಲ್ಲ. ಬಿದ್ದದ್ದು 23ರಂದು ಸದನದಲ್ಲಿ, ಸಾಲು ಸಾಲಾಗಿ ತಲೆ ಎಣಿಸಿ 99 ಪರ, 105 ವಿರುದ್ಧ ಎಂದಾದ ಮೇಲೆ. ಅಂದು ಟಿ.ವಿ. ಮುಂದೆ ಕೂತಿದ್ದ ನನಗೆ ಅಪ್ಪನ ಮಾತು ನೆನಪಾಗಿ ಕಣ್ಣು ಒದ್ದೆಯಾಯಿತು. ನನಗೆ ಯಾವ ಪಕ್ಷವೂ ಬೇಕಾಗಿರಲಿಲ್ಲ. ಎಣಿಸಿದರಲ್ಲ, ಅದು ಸಾಕಿತ್ತು.

ಇಷ್ಟೆಲ್ಲ ಬರೆದದ್ದು ತಮ್ಮಲ್ಲಿ ಒಂದು ವಿನಂತಿಗಾಗಿ. ನಾಲ್ಕು ಶಾಸಕರು ರಾಜೀನಾಮೆ ಪತ್ರ ಹಿಡಿದು ಫೋಟೊಕ್ಕೆ ನಿಂತರೆ ಸಾಕು, ಮರುದಿನ ಪತ್ರಿಕೆಗಳಲ್ಲಿ "ಅಲ್ಪಮತಕ್ಕೆ ಕುಸಿದ ಸರ್ಕಾರ" ಎಂಬ ತಲೆಬರಹ ಬರುತ್ತದೆ. ರಾಜೀನಾಮೆ ಅಂಗೀಕಾರವಾಗಿರುವುದಿಲ್ಲ, ಸದನ ಸೇರಿರುವುದಿಲ್ಲ. ರೆಸಾರ್ಟಿನ ಗೇಟಿನಲ್ಲಿ ಬಸ್ಸಿನಿಂದ ಇಳಿದವರನ್ನು ಎಣಿಸಿ ಪತ್ರಿಕೆಯೇ ತೀರ್ಪು ಕೊಟ್ಟರೆ, 1989ರಲ್ಲಿ 19 ಪತ್ರ ಎಣಿಸಿದ್ದಕ್ಕೂ ಇದಕ್ಕೂ ಏನು ಅಂತರ? ಸದನದಲ್ಲಿ ಮತ ಬೀಳುವವರೆಗೆ "ಬಹುಮತ ಪ್ರಶ್ನೆಯಲ್ಲಿ" ಎಂದು ಬರೆಯಿರಿ. ಅಧಿವೇಶನ ಯಾವತ್ತು, ಸದನದ ಒಟ್ಟು ಬಲ ಎಷ್ಟು, ಖಾಲಿ ಸ್ಥಾನ ಎಷ್ಟು, ಗೆಲ್ಲಲು ಎಷ್ಟು ಮತ ಬೇಕು ಎಂಬ ಚಿಕ್ಕ ಚೌಕಟ್ಟನ್ನು ಮುಖಪುಟದಲ್ಲೇ ಹಾಕಿರಿ. ನಮ್ಮ ಪಡಸಾಲೆಯ ಗೋಡೆಗೆ ಮಕ್ಕಳು ನಿಮ್ಮ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಅಂಟಿಸುತ್ತಾರೆ. ಆ ಚೌಕಟ್ಟಿಗೆ ಜಾಗ ಬಿಡಿಸಿಟ್ಟಿದ್ದೇನೆ.

ಇಂತಿ,
ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ