ಜಪ ಸಂಕಲ್ಪಕ್ಕೆ ಹೆಸರು ಕೊಡುವ ಮೊದಲು

ಎಲ್ಲರಿಗೂ ನಮಸ್ಕಾರ. ದಿನಕ್ಕೆಷ್ಟು ಮಾಲೆ ಜಪ ಮಾಡುತ್ತೀರೆಂಬ ಸಂಖ್ಯೆ ಕಳಿಸುವ ಮೊದಲು ಒಂದು ಮಾಲೆಗೆ, ಅಂದರೆ ಜಪಮಾಲೆಯ ಒಂದು ಸುತ್ತಿಗೆ, ನಿಮಗೆಷ್ಟು ಹೊತ್ತು ಬೇಕೆಂದು ಗಡಿಯಾರ ಇಟ್ಟುಕೊಂಡು ನೋಡಿ. ಪಂಚಾಕ್ಷರಿ (ನಮಃ ಶಿವಾಯ) ಐದು ನಿಮಿಷದೊಳಗೆ ಮುಗಿದೀತು. ಗಾಯತ್ರಿಗೆ ಸ್ಪಷ್ಟ ಉಚ್ಚಾರಣೆಯಲ್ಲಿ ಕಾಲು ಗಂಟೆಯಾದರೂ ಬೇಕು. ಮಣಿ 108 ಇದ್ದರೂ ಲೆಕ್ಕಕ್ಕೆ 100 ಮಾತ್ರ, ಉಳಿದ 8 ತಪ್ಪು ತಡವರಿಕೆಗೆ. ಅಂದರೆ ಒಂದು ಲಕ್ಷಕ್ಕೆ 1000 ಮಾಲೆ. 48 ದಿನದ ಮಂಡಲದಲ್ಲಿ ಮುಗಿಸಬೇಕೆಂದರೆ ದಿನಕ್ಕೆ 21 ಮಾಲೆ, ಗಾಯತ್ರಿಯಾದರೆ ಐದು ಗಂಟೆಗೂ ಮೇಲೆ! ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು. ಒಂದೋ ಎರಡೋ ಮಾಲೆ ಬರೆಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮೊದಲ ದಿನ ಹಿಡಿದ ಸಂಖ್ಯೆಯೇ ಕೊನೆಯವರೆಗೆ ನಡೆಯಬೇಕು. ಇವತ್ತು ಹತ್ತು, ನಾಳೆ ಸೊನ್ನೆ ಎಂಬ ಹೊಂದಾಣಿಕೆ ಬೇಡ. ಬಹುತೇಕ ಸಂಕಲ್ಪ ಕೆಡುವುದು ಇಲ್ಲೇ: ಬಾಕಿ ಬೆಳೆಯುತ್ತದೆ, ಅದನ್ನು ತೀರಿಸಲು ವೇಗ ಹೆಚ್ಚುತ್ತದೆ, ಅಕ್ಷರಗಳು ನುಂಗಿಹೋಗುತ್ತವೆ.

ಮಾಲೆ ನಡುಬೆರಳ ಮೇಲಿರಲಿ, ಹೆಬ್ಬೆರಳಿಂದ ಎಳೆಯಿರಿ, ತೋರುಬೆರಳು ತಾಗಬಾರದು. ಮಾಲೆಯ ತುದಿಯ ಮೇರುಮಣಿ ದಾಟದೆ ಮಾಲೆ ಹಿಂತಿರುಗಿಸಿ. ಗಂಟಲು ನೋಯುವವರು ತುಟಿಯಲುಗುವಷ್ಟೇ ಉಪಾಂಶುವಾಗಿ ಮಾಡಬಹುದು. ಮನಸ್ಸಿನಲ್ಲೇ ಮಾಡುವ ಮಾನಸ ಜಪ ಶ್ರೇಷ್ಠವೇ ಸರಿ, ಆದರೆ ಹೊಸಬರಿಗೆ ಅದರಲ್ಲಿ ನಿದ್ದೆಯೇ ಜಾಸ್ತಿ.

ಗುರುವಿನಿಂದ ಮಂತ್ರೋಪದೇಶ ಆಗದವರು ಬೀಜಾಕ್ಷರದ (ಹ್ರೀಂ, ಶ್ರೀಂನಂಥ) ಮಂತ್ರ ಹಿಡಿಯಬೇಡಿ, ರಾಮನಾಮ ಸಾಕು. ಸೂತಕ ಬಂದರೆ ಮಾಲೆ ಎತ್ತಿಟ್ಟು ನಿಮ್ಮ ಮನೆಯ ಪದ್ಧತಿಯಂತೆ ನಡೆದುಕೊಳ್ಳಿ.

ಹೆಸರು, ಮಂತ್ರ, ದಿನಕ್ಕೆಷ್ಟು ಮಾಲೆ, ಇಷ್ಟನ್ನೇ ಬರೆದು ಕಳಿಸಿ. ಎಣಿಕೆಯನ್ನು ವಾರಕ್ಕೊಮ್ಮೆ ಹಾಕಿದರೆ ಸಾಕು.