ಹಾಡಿದವರ ಜೊತೆ ಬರೆದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದು ಬಂದ ‘ಕಂಟ್ರಿ’ ಸಂಗೀತದ ಗಾಯಕ ಲ್ಯೂಕ್ ಕೋಂಬ್ಸ್ ಅವರ ಬಗ್ಗೆ ತಮ್ಮ ಸಂಗೀತ ಪುಟದಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ‘ಫಾಸ್ಟ್ ಕಾರ್’ ಹಾಡು ಗಳಿಸಿದ ಜನಪ್ರಿಯತೆಯನ್ನು ಅದರಲ್ಲಿ ವಿವರವಾಗಿ ಹೇಳಲಾಗಿದೆ. ಆದರೆ ಆ ಹಾಡಿಗೆ ಸಾಹಿತ್ಯ, ಸಂಗೀತ ಎರಡನ್ನೂ ಕೊಟ್ಟ ಟ್ರೇಸಿ ಚಾಪ್‌ಮನ್ ಅವರ ಹೆಸರು ಎಲ್ಲಿಯೂ ಇಲ್ಲ. ಬೇರೆ ಹಾಡಾಗಿದ್ದರೆ ಸುಮ್ಮನಿರಬಹುದಿತ್ತು, ಈ ಹಾಡಿನ ವಿಷಯದಲ್ಲಿ ಹಾಗೆ ಬಿಡಲಾಗದು.

ಚಾಪ್‌ಮನ್ ಅವರೇ ಹಾಡಿದ ಮೂಲ ಧ್ವನಿಮುದ್ರಿಕೆ ಬಂದದ್ದು 1988ರಲ್ಲಿ. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಈ ಕಪ್ಪು ಯುವತಿ, ಆ ವರ್ಷದ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಜನ್ಮದಿನಕ್ಕಾಗಿ ನಡೆದ ಕಾರ್ಯಕ್ರಮದಲ್ಲಿ ಕೇವಲ ಒಂದು ಗಿಟಾರ್ ಹಿಡಿದು ಹಾಡಿದ ಮೇಲೆ ಅದು ಮನೆಮಾತಾಯಿತು; ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 6ನೇ ಸ್ಥಾನ ಪಡೆಯಿತು. ಅದೇ ವರ್ಷ ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿಯ ಸಂಗೀತ ಪ್ರವಾಸದಲ್ಲಿ ಅವರು ದೆಹಲಿಗೂ ಬಂದಿದ್ದರು. ಕೋಂಬ್ಸ್ 2023ರಲ್ಲಿ ಮತ್ತೆ ಹಾಡಿದಾಗ ಹಾಟ್ 100ರಲ್ಲಿ 2ನೇ ಸ್ಥಾನವೂ, ರೇಡಿಯೊ ಪ್ರಸಾರವನ್ನು ಆಧರಿಸಿದ ಕಂಟ್ರಿ ಏರ್‌ಪ್ಲೇ ಪಟ್ಟಿಯಲ್ಲಿ ಮೊದಲ ಸ್ಥಾನವೂ ಸಿಕ್ಕಿತು. ಆ ಪಟ್ಟಿಯ ತುದಿಗೇರಿದ ಹಾಡನ್ನು ತಾವೊಬ್ಬರೇ ಬರೆದ ಮೊದಲ ಕಪ್ಪು ಮಹಿಳೆ ಚಾಪ್‌ಮನ್. ಆ ವರ್ಷದ ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ‘ವರ್ಷದ ಗೀತೆ’ ಪ್ರಶಸ್ತಿಯನ್ನು ಅವರಿಗೆ ನೀಡಿತು. ಕಪ್ಪು ಜನಾಂಗದವರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಕೋಂಬ್ಸ್ ಅವರ ದೊಡ್ಡತನವನ್ನೂ ಇಲ್ಲಿ ಹೇಳಲೇಬೇಕು. ಕುಡುಕ ತಂದೆಯನ್ನು ನೋಡಿಕೊಳ್ಳಲು ಓದು ಬಿಟ್ಟು, ಅಂಗಡಿಯ ಬಿಲ್ ಕೌಂಟರಿನಲ್ಲಿ ದುಡಿಯುತ್ತ, ಊರು ಬಿಟ್ಟು ಹೋದರೆ ಬದುಕು ಹಸನಾದೀತೆಂದು ನಂಬಿದ ಹೆಣ್ಣಿನ ಕಥೆ ಈ ಹಾಡು. ಗಂಡು ದನಿಗೆ ಹೊಂದಲೆಂದು ಕೋಂಬ್ಸ್ ಮಾತು ತಿದ್ದಲಿಲ್ಲ. ಕೌಂಟರಿನ ಹುಡುಗಿ ಹುಡುಗಿಯಾಗಿಯೇ ಉಳಿದಳು. 2024ರ ಫೆಬ್ರುವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಕೂಡಿ ಹಾಡಿದಾಗ, ಚಾಪ್‌ಮನ್ ಹಾಡುವ ಸಾಲುಗಳಿಗೆ ಅವರು ದನಿಯಿಲ್ಲದೆ ತುಟಿಯಾಡಿಸುತ್ತಿದ್ದುದನ್ನು ಕಂಡವರಿಗೆ, ಬರೆದವರ ಮೇಲೆ ಅವರಿಗಿರುವ ಭಕ್ತಿ ಎಂಥದೆಂದು ತಿಳಿದಿರುತ್ತದೆ.

ಇಲ್ಲಿ ಹಣದ ಮಾತೂ ಇದೆ. ಅಮೆರಿಕದಲ್ಲಿ ಎಎಂ, ಎಫ್ಎಂ ರೇಡಿಯೊಗಳು ಹಾಡು ಪ್ರಸಾರ ಮಾಡಿದರೆ ರಾಯಲ್ಟಿ ಸಲ್ಲುವುದು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ, ಹಾಡಿದವರಿಗಲ್ಲ. ನಮ್ಮಲ್ಲಿ 2012ರ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯು ಸಿನಿಮಾ ಗೀತರಚನಕಾರರಿಗೆ ಚಿತ್ರಮಂದಿರದ ಪ್ರದರ್ಶನದ ಹೊರತಾದ ಬಳಕೆಗಳಲ್ಲಿ ಸಮಪಾಲು ರಾಯಲ್ಟಿಯ ಹಕ್ಕನ್ನು ಕೊಟ್ಟಿದೆ. ಬರೆದವರ ಹೆಸರೇ ಜನರಿಗೆ ಗೊತ್ತಿಲ್ಲದಿದ್ದರೆ ಆ ಹಕ್ಕಿನ ಪರವಾಗಿ ದನಿಯೆತ್ತುವವರು ಯಾರು? ಗೀತರಚನೆ ಯಾರದು, ಸಂಗೀತ ಯಾರದು ಎಂದು ಹೇಳಿ ಹಾಡು ಕೇಳಿಸುವ ಆಕಾಶವಾಣಿಯ ಪದ್ಧತಿಯಲ್ಲಿ ಬೆಳೆದ ಕನ್ನಡ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಯಾವುದೇ ಭಾಷೆಯ ಹಾಡಿನ ಕುರಿತು ಬರೆಯುವಾಗ, ಅದರಲ್ಲೂ ವಾರದ ಜನಪ್ರಿಯ ಗೀತೆಗಳ ಪಟ್ಟಿ ಕೊಡುವಾಗ, ಗಾಯಕರ ಹೆಸರಿನ ಪಕ್ಕದಲ್ಲಿ ಗೀತರಚನಕಾರರ ಹೆಸರನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಧಾರವಾಡ